ಹೆಸರು ಬದಲಿಸಿದ ಇರಾನ್ ಟ್ಯಾಂಕರನ್ನು ಗುರುತಿಸೋದು ಹೇಗೆ?

ಪ್ರಶ್ನೆ: ನಿರ್ಬಂಧದಿಂದಾಗಿ ಇರಾನಿನ ಎಣ್ಣೆ ಹಡಗುಗಳು ಹೆಸರು, ಬಾವುಟ ಎರಡನ್ನೂ ಬದಲಿಸುತ್ತವೆ. ಒಂದೇ ಹಡಗಿನ ಜಾಡು ವರ್ಷಗಟ್ಟಲೆ ಹಿಡಿಯೋದು ಹೇಗೆ?

ಉತ್ತರ 1: ಹೆಸರು ಬಿಡಿ, ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಹಿಡಿಯಿರಿ. ಏಳು ಅಂಕಿ, ಹಡಗು ಗುಜರಿಗೆ ಹೋಗುವವರೆಗೂ ಅದೇ. 2019ರ ಜುಲೈನಲ್ಲಿ ಜಿಬ್ರಾಲ್ಟರ್‌ನಲ್ಲಿ ತಡೆದಿಟ್ಟ ‘ಗ್ರೇಸ್ 1’, ಆಗಸ್ಟ್‌ನಲ್ಲಿ ‘ಆಡ್ರಿಯನ್ ದರ್ಯಾ 1’ ಆಗಿ ಇರಾನಿನ ಬಾವುಟ ಹಾರಿಸಿ ಹೊರಟಿತು. ಸಂಖ್ಯೆ ಮಾತ್ರ ಅದೇ 9116412. ತಾಳೆ ನೋಡಲು ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ: 63+6+5+24+12+2=112. ಮೊತ್ತದ ಕೊನೆಯಂಕಿ 2, ಸಂಖ್ಯೆಯ ಏಳನೆಯದೂ 2. ಸರಿಯಾಯಿತು.

ಉತ್ತರ 2: ತಾಳೆಯಾದರೆ ಸಾಲದು. ಗುಜರಿಗೆ ಹೋದ ಹಡಗಿನ ಸಂಖ್ಯೆಯನ್ನೇ ಎಐಎಸ್‌ಗೆ (ಹಡಗಿನ ಗುರುತು, ಜಾಗವನ್ನು ತಾನಾಗೇ ರೇಡಿಯೊದಲ್ಲಿ ಸಾರುವ ಸಾಧನ) ತುಂಬಿ ಓಡಿಸುವವರಿದ್ದಾರೆ, ಆಗಲೂ ಲೆಕ್ಕ ಸರಿಯಾಗೇ ಬರುತ್ತೆ. ಉಪಗ್ರಹ ಚಿತ್ರದಲ್ಲಿ ಉದ್ದ, ಅಗಲ ಅಳೆದು ಹೋಲಿಸಿ. ಎಂಎಂಎಸ್‌ಐ, ಅಂದರೆ ಹಡಗಿನ ರೇಡಿಯೊ ಗುರುತು ಸಂಖ್ಯೆ, 422ರಿಂದ ಶುರುವಾದರೆ ಇರಾನ್ ಬಾವುಟ, ಆದರೆ ಬಾವುಟದ ಜೊತೆ ಅದೂ ಬದಲಾಗುತ್ತೆ.

ಪ್ರಶ್ನೆ ಕೇಳಿದವರು: ಹಡಗು ತುಂಬಿದೆಯೋ ಖಾಲಿಯೋ ತಿಳಿಯೋದು ಹೇಗೆ?

ಉತ್ತರ 2: ಎಐಎಸ್‌ನ ಡ್ರಾಫ್ಟ್ (ಹಡಗು ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂಬ) ಅಂಕಿ ನಂಬಬೇಡಿ, ಅದನ್ನು ಸಿಬ್ಬಂದಿಯೇ ಕೈಯಾರೆ ತುಂಬುತ್ತಾರೆ. ಪಕ್ಕದಿಂದ ತೆಗೆದ ಫೋಟೊ ಸಿಕ್ಕರೆ ತಳದ ಬಣ್ಣ ನೋಡಿ. ನೀರಿನ ಮೇಲೆ ಕೆಂಪು ಪಟ್ಟಿ ಅಗಲವಾಗಿ ಎದ್ದು ಕಂಡರೆ ಖಾಲಿ.