ಅಪ್‌ಡೇಟ್: ಇವಿಡಿ ಹನಿ ನಿಂತಿದ್ದೇಕೆ, ಗೊತ್ತಾಯಿತು

ಕೇಳಿದ್ದು ಇಷ್ಟೇ: ಮಿದುಳಿನ ಕುಹರದಿಂದ ದ್ರವ ಹೊರಬಿಡುವ ಇವಿಡಿ ಕೊಳವೆಯಲ್ಲಿ ದ್ರವ ನಾಡಿಬಡಿತಕ್ಕೆ ತಕ್ಕಂತೆ ಏರಿಳಿಯುತ್ತಿದೆ, ಹನಿ ಮಾತ್ರ ಬೀಳುತ್ತಿಲ್ಲ. ಮಿದುಳಿನೊಳಗಿರುವ ಕೊಳವೆ (ಕ್ಯಾತಿಟರ್) ಕಟ್ಟಿಕೊಂಡಿದೆಯೇ?

ಇಲ್ಲ. ಏರಿಳಿತ ಇದೆಯೆಂದರೆ ಕ್ಯಾತಿಟರ್ ತೆರೆದೇ ಇದೆ. ಹನಿ ಬೀಳುವ ಚೇಂಬರನ್ನು ಕ್ಷಣಕಾಲ ಕಿವಿಯ ಟ್ರೇಗಸ್ (ಕಿವಿರಂಧ್ರದ ಮುಂದಿನ ಪುಟ್ಟ ಉಬ್ಬು) ಮಟ್ಟಕ್ಕಿಂತ ಕೆಳಗಿಳಿಸಿದರೂ ಹನಿ ಬರಲಿಲ್ಲ, ಹಾಗಾಗಿ ತಲೆಯೊಳಗಿನ ಒತ್ತಡ ಕಡಿಮೆಯಿರಬಹುದೆಂಬ ಊಹೆಯೂ ಬಿದ್ದುಹೋಯಿತು. ಹರಿವಿನ ದಾರಿ ತೆರೆದು ಮುಚ್ಚುವ ಸ್ಟಾಪ್‌ಕಾಕ್‌ಗಳೆಲ್ಲ ಸರಿಯಿದ್ದವು. ಉಳಿದದ್ದು ಚೇಂಬರಿನ ನೆತ್ತಿಯಲ್ಲಿರುವ ಗಾಳಿ ಫಿಲ್ಟರ್. ಸಿಟಿ ಸ್ಕ್ಯಾನ್‌ಗೆ ಒಯ್ಯುವಾಗ ಚೇಂಬರ್ ಅಡ್ಡ ಮಲಗಿ ಅದು ನೆನೆದಿತ್ತು. ಒದ್ದೆ ಫಿಲ್ಟರ್ ಗಾಳಿ ಬಿಡುವುದಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಡ್ರೈನೇಜ್ ಸೆಟ್ಟನ್ನು ಸ್ಟೆರೈಲ್ ಆಗಿ ಬದಲಿಸಿದ ಕೂಡಲೇ ಹನಿ ಶುರುವಾಯಿತು.

ಸಾಗಿಸುವ ಮುನ್ನ ಕ್ಲಾಂಪ್ ಹಾಕಿ, ಚೇಂಬರ್ ನೆಟ್ಟಗಿರಲಿ. ಬಂದಮೇಲೆ ಮೊದಲು ಚೇಂಬರಿನ ಸೊನ್ನೆಯನ್ನು ಟ್ರೇಗಸ್ ಮಟ್ಟಕ್ಕೆ ಹೊಂದಿಸುವುದು, ಆಮೇಲೆ ಕ್ಲಾಂಪ್ ತೆಗೆಯುವುದು. ಈ ಕ್ರಮ ದಯವಿಟ್ಟು ತಪ್ಪಿಸಬೇಡಿ. ಹಾಸಿಗೆಯ ತಲೆಭಾಗ ಎತ್ತಿ ಚೇಂಬರ್ ಹಾಗೇ ಬಿಟ್ಟರೆ ದ್ರವ ಅತಿಯಾಗಿ ಹರಿದು ಸಬ್‌ಡ್ಯೂರಲ್ (ಮಿದುಳಿನ ಹೊರಹೊದಿಕೆಯ ಕೆಳಗಿನ) ರಕ್ತಸ್ರಾವವೂ ಆಗಬಹುದು.

ಏರಿಳಿತವೇ ಇಲ್ಲದಿದ್ದರೆ ಮಾತು ಬೇರೆ: ಹೆಪ್ಪುಗಟ್ಟಿದ ರಕ್ತ, ಕುಸಿದ ಕುಹರ ಅಥವಾ ಜಾರಿದ ಕ್ಯಾತಿಟರ್. ಆಗ ನ್ಯೂರೋಸರ್ಜನ್‌ರನ್ನೇ ಕರೆಯಿರಿ. ರೋಗಿಯ ಕಡೆಗೆ ಫ್ಲಶ್ ಮಾಡುವುದು ಅವರ ಕೆಲಸ, ಅದೂ 1-2 ಮಿಲಿ ಸಲೈನ್‌ನಷ್ಟೇ.