'ಅವಕಾಶವಾದಿ ಸೋಂಕು': ಇದಕ್ಕಿಂತ ಒಳ್ಳೆಯ ಪದ ಇದೆಯಾ?

ಗೆಳೆಯರೇ,

ಸುಟ್ಟಗಾಯದ ರೋಗಿಗಳ ಮನೆಯವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಸ್ಯೂಡೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾಗಳ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಇವು ಮಣ್ಣು, ನೀರು, ಸಿಂಕಿನ ತೂತಿನ ಪಸೆ, ಹೀಗೆ ಎಲ್ಲೆಂದರಲ್ಲಿ ತಮ್ಮ ಪಾಡಿಗೆ ಇರುತ್ತವೆ. ನಮ್ಮನ್ನು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಆದರೆ ಚರ್ಮ ಸುಟ್ಟವರಿಗೆ, ವೆಂಟಿಲೇಟರ್ ಮೇಲಿರುವವರಿಗೆ, ಕೀಮೋ ಆಗಿ ಬಿಳಿ ರಕ್ತಕಣ ಇಳಿದವರಿಗೆ ತಗಲಿದರೆ ಜೀವಕ್ಕೇ ಕುತ್ತು.

ಇದನ್ನು 'ಅವಕಾಶವಾದಿ ಸೋಂಕು' ಅಂತ ಬರೆಯುವ ರೂಢಿಯಿದೆ. ನನಗಂತೂ ಅದನ್ನು ಓದಿದ ಕೂಡಲೇ ಪಕ್ಷ ಬದಲಿಸುವ ಶಾಸಕರೇ ಕಣ್ಮುಂದೆ ಬರುತ್ತಾರೆ. 'ಸಮಯಸಾಧಕ' ಅಂದರೂ ಅದೇ ಕಥೆ. 'ಹೊಂಚುಸೋಂಕು' ಕಿವಿಗೆ ಹಿತ, ಆದರೆ ಸಿಂಕಿನಲ್ಲಿ ಸುಮ್ನೆ ಬಿದ್ದಿರುವ ಜೀವಿ ಯಾರಿಗೆ ಹೊಂಚು ಹಾಕುತ್ತದೆ? 'ಸಂದುಸೋಂಕು' ಅಂದರೆ ಮಂಡಿನೋವಿನವರು ಗಾಬರಿಯಾಗುತ್ತಾರೆ. ಸದ್ಯಕ್ಕೆ 'ಮೈ ಸೋತಾಗ ತಗಲುವ ಸೋಂಕು' ಎಂದು ಬರೆದಿಟ್ಟಿದ್ದೇನೆ. ಇದರಲ್ಲೂ ಒಂದು ತೊಡಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಗಟ್ಟಿಮುಟ್ಟಾದವರ ಕಣ್ಣಿಗೂ ಇದು ತಗಲುತ್ತದೆ. ಅಲ್ಲಿ ಮೈ ಸೋತಿರುವುದಿಲ್ಲ, ಕಣ್ಣಿನ ಮೇಲ್ಪದರದಲ್ಲಿ ಒಂದು ಸಣ್ಣ ಗೀರು ಬಿದ್ದಿದ್ದರೆ ಸಾಕು.

ಇನ್ನೊಂದು ವಿಷಯ. ಈ ಗುಂಪಿನಲ್ಲಿ ಜಾಸ್ತಿ ಕಾಟ ಕೊಡುವುದು ಸ್ಯೂಡೊಮೊನಾಸ್ ಎರುಜಿನೋಸಾ. ಲ್ಯಾಟಿನ್ನಿನಲ್ಲಿ 'ಎರುಗೊ' ಅಂದರೆ ತಾಮ್ರಕ್ಕೆ ಹಿಡಿಯುವ ಹಸಿರು, ಅಂದರೆ ನಮ್ಮ ಕಿಲುಬೇ. ಗಾಯದ ಬಟ್ಟೆ ನೀಲಿ-ಹಸಿರಾಗುವುದು ಯಾಕೆ ಅಂತ ಹುಡುಕಿಕೊಂಡು ಹೋಗಿ, 1882ರಲ್ಲಿ ಫ್ರಾನ್ಸಿನ ಕಾರ್ಲ್ ಜೆಸಾರ್ ಇದನ್ನು ಬೇರ್ಪಡಿಸಿ ಬೆಳೆಸಿದರು. ಆ ನೀಲಿ ಬಣ್ಣದ ಹೆಸರು ಪಯೋಸಯನಿನ್, ಅದನ್ನು ಮಾಡುವುದು ಈ ಬ್ಯಾಕ್ಟೀರಿಯಾವೇ.

ಹಾಗಾಗಿ 'ಪಟ್ಟಿಯ ಮೇಲೆ ಕಿಲುಬು ಬಣ್ಣದ ಕೀವು ಕಂಡರೆ ತಕ್ಷಣ ನರ್ಸಿಗೆ ಹೇಳಿ' ಎಂದು ಬರೆಯುವ ಆಸೆ. ಹುಣಸೆಹುಳಿ ಹಾಕಿ ಎಷ್ಟು ತಿಕ್ಕಿದರೂ ಹಿತ್ತಾಳೆ ಚೊಂಬಿನ ಕಂಠದಲ್ಲಿ ಉಳಿದುಬಿಡುವ ಆ ಹಸಿರನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಆದರೆ ಸ್ಟೀಲ್ ಪಾತ್ರೆಯ ಮನೆಗಳಲ್ಲಿ ಬೆಳೆದವರಿಗೆ ಈ ಪದ ಗೊತ್ತಾ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಇದಕ್ಕೆ ಏನಂತೀರಿ?

ವಾರ್ಡುಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ರೋಗಿಯ ಕಡೆಯವರಿಗೆ ಬಾಯಿಮಾತಿನಲ್ಲಿ ಈ ಸೋಂಕನ್ನು ಹೇಗೆ ಹೇಳುತ್ತೀರಿ ಅನ್ನುವುದನ್ನೂ ತಿಳಿಸಿ. ಪುಸ್ತಕದ ಪದಕ್ಕಿಂತ ಅದೇ ನನಗೆ ಬೇಕಾಗಿರುವುದು.