ಕಂಪ್ರೆಸರ್ ಗಾಳಿಯಲ್ಲಿ ನೀರು, ಫಿಲ್ಟರ್ ಹಾಕಿದರೂ ನಿಲ್ಲುತ್ತಿಲ್ಲ

ವಾಸ್ಕೋ_ಮರಗೆಲಸ:
ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವನು, ವಾಸ್ಕೋಗೆ ಬಂದು ಹದಿನಾರು ವರ್ಷ ಆಯಿತು. ಮನೆ ಹಿಂದಿನ ಶೆಡ್‌ನಲ್ಲಿ ರಜೆ ಇದ್ದಾಗ ಮರಗೆಲಸ ಮಾಡುತ್ತೇನೆ. ಈ ಸಲ ಪಕ್ಕದ ಮನೆಯವರ ಚೌತಿ ಮಂಟಪಕ್ಕೆ ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್, ಮರಕ್ಕೆ ಹೊಳಪು ಕೊಡುವ ಲೇಪ) ಹೊಡೆದುಕೊಡುತ್ತೇನೆ ಅಂತ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ.

2 ಎಚ್‌ಪಿ ಕಂಪ್ರೆಸರ್, 50 ಲೀಟರ್ ಟ್ಯಾಂಕು. ಮೊದಲ ಹತ್ತು ನಿಮಿಷ ಚೆನ್ನಾಗಿ ಬರುತ್ತದೆ. ಆಮೇಲೆ ಸ್ಪ್ರೇ ಗನ್ನು ಎಲೆಅಡಿಕೆ ಉಗುಳಿದ ಹಾಗೆ ಪಿಚಕ್ ಅಂತ ನೀರು ಉಗುಳುತ್ತದೆ. ಹಲಗೆ ಮೇಲೆ ಸಾಸಿವೆ ಕಾಳಿನಷ್ಟು ಗುಳಿ ಬೀಳುತ್ತವೆ. ಅದು ಸಾಲದು ಅಂತ ಕೆಲವು ಕಡೆ ಸುಣ್ಣದ ನೀರು ಒರೆಸಿದ ಹಾಗೆ ಬೆಳ್ಳಗಾಗುತ್ತದೆ. ಎರಡು ಸಲ ಉಜ್ಜಿ ತೆಗೆದು ಮತ್ತೆ ಹೊಡೆದೆ, ಅದೇ ಕಥೆ. ಕಂಪ್ರೆಸರ್ ಬಾಯಿಗೇ ನೀರು ಹಿಡಿಯುವ ಫಿಲ್ಟರ್ ಹಾಕಿದ್ದೇನೆ, ವಿಚಿತ್ರ ಅಂದರೆ ಅದರ ಬಟ್ಟಲು ಒಣಗಿಯೇ ಇರುತ್ತದೆ! ಅಂಗಡಿಯವನು ದೊಡ್ಡ ಫಿಲ್ಟರ್ ತಗೊಳ್ಳಿ ಅನ್ನುತ್ತಾನೆ. ತಗೊಳ್ಳಲಾ?

ಭೋಸರಿ_ಫಿಟ್ಟರ್:
ಬೇಡ, ದುಡ್ಡು ಉಳಿಸಿಕೊಳ್ಳಿ. ಬಟ್ಟಲು ಒಣಗಿದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಆ ಫಿಲ್ಟರ್ ಹಿಡಿಯುವುದು ಹನಿಯಾದ ನೀರನ್ನು ಮಾತ್ರ. ಕಂಪ್ರೆಸರ್‌ನಿಂದ ಆಗಷ್ಟೇ ಹೊರಬಂದ ಗಾಳಿ ಬಿಸಿ, ಅದರಲ್ಲಿ ನೀರು ಇನ್ನೂ ಆವಿಯಾಗೇ ಇರುತ್ತದೆ. ಆವಿ ಫಿಲ್ಟರ್ ದಾಟಿ ಆರಾಮಾಗಿ ಹೋಗುತ್ತದೆ, ಪೈಪಿನಲ್ಲಿ ತಣ್ಣಗಾಗಿ ಹನಿಯಾಗುತ್ತದೆ, ನಿಮ್ಮ ಮಂಟಪದ ಮೇಲೆ ಬೀಳುತ್ತದೆ. ಎಷ್ಟು ದೊಡ್ಡ ಫಿಲ್ಟರ್ ತಂದರೂ ಅಷ್ಟೇ.

ಲೆಕ್ಕ ನೋಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರು ಹೊರುತ್ತದೆ, ಅದಕ್ಕಿಂತ ಜಾಸ್ತಿ ಹೊರಲ್ಲ. ಮಳೆಗಾಲದ ಗೋವಾದಲ್ಲಿ 25 ಗ್ರಾಂ ಇದ್ದೇ ಇರುತ್ತದೆ ಅಂತಿಟ್ಟುಕೊಳ್ಳಿ. ಮೀಟರಿನಲ್ಲಿ 7 ಬಾರ್ ಒತ್ತಡ ತೋರಿಸುವಷ್ಟು ಒತ್ತಿದರೆ (ಹೊರಗಿನ ಗಾಳಿಯ ಒಂದು ಬಾರ್ ಸೇರಿ ಎಂಟು) ಎಂಟು ಘನ ಮೀಟರ್ ಗಾಳಿ ಒಂದಾಗುತ್ತದೆ. 200 ಗ್ರಾಂ ನೀರು, ಜಾಗ 30 ಗ್ರಾಂಗೆ. ಉಳಿದದ್ದು ಎಲ್ಲಿಗೆ ಹೋಗಬೇಕು? ನಿಮ್ಮಂಥ ಕಂಪ್ರೆಸರ್ ನಿಮಿಷಕ್ಕೆ 200 ಲೀಟರ್ ಎಳೆದುಕೊಂಡು ಒಂದು ಗಂಟೆ ಬಿಡದೆ ಓಡಿದರೆ ಕಾಲು ಲೀಟರ್ ನೀರು. ಒಂದು ದೊಡ್ಡ ಲೋಟ!

ಹಾಗಾಗಿ ಮೊದಲು ತಣ್ಣಗೆ ಮಾಡಿ, ಆಮೇಲೆ ನೀರು ಹಿಡಿಯಿರಿ. ಹದಿನೈದು ಮೀಟರ್ ತಾಮ್ರದ ಪೈಪು ಸುರುಳಿ ಸುತ್ತಿ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ. ಗಾಳಿ ಮೇಲಿಂದ ಒಳಗೆ, ಕೆಳಗಿಂದ ಹೊರಗೆ. ಡ್ರಮ್ಮಿನ ಬುಡದಲ್ಲೇ ತೂತು ಮಾಡಿ ಪೈಪು ಹೊರಗೆ ತೆಗೆಯಿರಿ, ಮತ್ತೆ ಮೇಲಕ್ಕೆ ಹತ್ತಿಸಿದರೆ ನೀರು ಸುರುಳಿಯೊಳಗೇ ಕೂತು ಆಗಾಗ ಗುಟುಕು ಗುಟುಕಾಗಿ ನುಗ್ಗುತ್ತದೆ. ಸುರುಳಿ ದಾಟಿದ ಮೇಲೆ ಈಗಿರುವ ಫಿಲ್ಟರ್, ಆಮೇಲೆ ಒತ್ತಡ ಇಳಿಸುವ ರೆಗ್ಯುಲೇಟರ್. ಈ ಕ್ರಮ ತಪ್ಪಿಸಬೇಡಿ. ಒತ್ತಡ ಜಾಸ್ತಿ ಇರುವಾಗ ನೀರು ತೆಗೆದು, ಆಮೇಲೆ 2 ಬಾರ್‌ಗೆ ಇಳಿಸಿದರೆ ಆ ಗಾಳಿ ನಿಮ್ಮ ಶೆಡ್ಡಿನ ಗಾಳಿಗಿಂತ ಒಣ. ತೇವ ಹೀರುವ ಸಿಲಿಕಾ ಜೆಲ್ ಬೇಕಾದರೂ ಇದೆಲ್ಲ ಆದ ಮೇಲೆ ಹಾಕಿ. ಮೊದಲೇ ಹಾಕಿದರೆ ಒಂದು ದಿನಕ್ಕೇ ನೆನೆದು ಕೂರುತ್ತದೆ.

ಟ್ಯಾಂಕಿನ ಕೆಳಗಿನ ಡ್ರೈನ್ (ನೀರು ಬಿಡುವ ತಿರುಪು) ಕೊನೆಗೆ ತೆರೆದದ್ದು ಯಾವಾಗ, ಹೇಳಿ ನೋಡೋಣ?

ಮಡಗಾಂವ್_ಕನ್ನಡಿಗ:
ತಾಮ್ರ ದುಬಾರಿ. ನಾನು ಗೋಡೆಗೆ ಪಿವಿಸಿ ಪೈಪು ಹಾಕಿದ್ದೇನೆ, ಎರಡು ವರ್ಷದಿಂದ ಏನೂ ಆಗಿಲ್ಲ.

ಭೋಸರಿ_ಫಿಟ್ಟರ್:
ದಯವಿಟ್ಟು ಇವತ್ತೇ ಬಿಚ್ಚಿ. ಪಿವಿಸಿ ನೀರಿಗೆ ಸರಿ, ಒತ್ತಿದ ಗಾಳಿಗೆ ಅಲ್ಲ. ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಒಡೆದರೆ ಬಾಂಬಿನ ಥರ ಚೂರು ಹಾರುತ್ತವೆ. ಎರಡು ವರ್ಷ ಏನೂ ಆಗದಿದ್ದದ್ದು ನಿಮ್ಮ ಅದೃಷ್ಟ, ಪೈಪಿನ ಗುಣ ಅಲ್ಲ.

ಡೊಂಬಿವ್ಲಿ_ಪೇಂಟ್:
ಫಿಟ್ಟರ್ ಹೇಳಿದ್ದು ನೂರಕ್ಕೆ ನೂರು, ಆದರೆ ಅರ್ಧ ಕಥೆ. ಗುಳಿ ಬೇರೆ, ಬಿಳುಪು ಬೇರೆ. ಬಿಳುಪಿಗೆ ಕಂಪ್ರೆಸರ್ ಕಾರಣ ಆಗಬೇಕಾಗಿಲ್ಲ. ತಿನ್ನರ್ ಬೇಗ ಆರಿದಾಗ ಹಲಗೆ ತಣ್ಣಗಾಗುತ್ತದೆ, ಸುತ್ತಲಿನ ತೇವ ಅದರ ಮೇಲೆ ಇಬ್ಬನಿ ಹಾಗೆ ಕೂರುತ್ತದೆ, ಲ್ಯಾಕರ್ ಬೆಳ್ಳಗಾಗುತ್ತದೆ. ಇದಕ್ಕೆ ಸಾವಿರ ಫಿಲ್ಟರ್ ಹಾಕಿದರೂ ಪ್ರಯೋಜನ ಇಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಕರ್ ಹಾಕದೆ ಬರೀ ಗಾಳಿಯನ್ನು ಒರೆಸಿದ ಕನ್ನಡಿ ಮೇಲೆ ಎರಡು ನಿಮಿಷ ಬಿಡಿ. ಹನಿ ಕಂಡರೆ ನೀರು, ಬೆರಳಾಡಿಸಿದಾಗ ಜಿಡ್ಡು ಹತ್ತಿದರೆ ಎಣ್ಣೆ. ಕನ್ನಡಿ ಚೊಕ್ಕ ಇದ್ದೂ ಹಲಗೆ ಬೆಳ್ಳಗಾದರೆ ಹವೆಯ ತಪ್ಪು. ಆಗ ನಿಧಾನಕ್ಕೆ ಆರುವ ರಿಟಾರ್ಡರ್ ತಿನ್ನರ್ ಸ್ವಲ್ಪ ಸೇರಿಸಿ, ತೆಳ್ಳಗೆ ಹೊಡೆಯಿರಿ, ಮಳೆ ಬಿಟ್ಟ ಹೊತ್ತು ನೋಡಿಕೊಳ್ಳಿ. ಈಗಾಗಲೇ ಬೆಳ್ಳಗಾದ ಕಡೆ ಬರೀ ರಿಟಾರ್ಡರ್ ಮಂಜಿನ ಹಾಗೆ ಹೊಡೆದರೆ ಬಹಳ ಸಲ ಬಿಳುಪು ಹೋಗುತ್ತದೆ, ಉಜ್ಜಬೇಕಾಗಿಲ್ಲ. ಒಣಗಲಿ ಅಂತ ಹ್ಯಾಲೊಜನ್ ದೀಪ, ಹೀಟರ್ ಇಟ್ಟೀರಿ ಜೋಕೆ. ಎನ್‌ಸಿ ಆವಿಗೆ ಒಂದು ಕಿಡಿ ಸಾಕು.

ವಾಸ್ಕೋ_ಮರಗೆಲಸ:
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಡ್ರೈನ್ ತೆರೆದದ್ದು ಯಾವಾಗ ಅಂತ ಕೇಳಿದಿರಲ್ಲ, ಕೊಂಡ ದಿನದಿಂದ ತೆರೆದೇ ಇರಲಿಲ್ಲ. ತಿರುಗಿಸಿದರೆ ಚಹಾದ ಬಣ್ಣದ ತುಕ್ಕು ನೀರು, ನಿಲ್ಲಲೇ ಇಲ್ಲ. ಬಕೆಟ್ ಅರ್ಧ ಆಯಿತು. ಹೆಂಡತಿ ಬಂದು ನೋಡಿ ಇದು ಗಾಳಿ ಮಷಿನ್ನಾ ನೀರಿನ ಮಷಿನ್ನಾ ಅಂದಳು.

ತಾಮ್ರದ ಪೈಪು ಗುಜರಿಯಲ್ಲಿ ಸಿಕ್ಕಿತು, ಹಳೇ ಎಸಿಯದು. ಸುರುಳಿ ಮಾಡಿ ಕನ್ನಡಿ ಪರೀಕ್ಷೆ ಮಾಡಿದರೆ ಹನಿ ಇಲ್ಲ, ಆದರೆ ಜಿಡ್ಡು! ಎಸಿ ಎಣ್ಣೆ ಒಳಗೇ ಉಳಿದಿತ್ತು. ಬಿಚ್ಚಿ, ತಿನ್ನರ್ ಹಾಕಿ ಮೂರು ಸಲ ತೊಳೆದು, ಎರಡು ದಿನ ಬಿಟ್ಟು ಜೋಡಿಸಿದ ಮೇಲೆ ಕನ್ನಡಿ ಚೊಕ್ಕ. ಫಿಲ್ಟರ್ ಬಟ್ಟಲು ಈಗ ಇಪ್ಪತ್ತು ನಿಮಿಷಕ್ಕೊಮ್ಮೆ ತುಂಬುತ್ತದೆ, ನೋಡುವುದೇ ಒಂದು ಖುಷಿ. ಗುಳಿ ಒಂದೂ ಇಲ್ಲ.

ಮೊದಲ ಕಂಬ ಆದರೂ ಬೆಳ್ಳಗಾಯಿತು, ಡೊಂಬಿವ್ಲಿಯವರು ಹೇಳಿದ ಹಾಗೇ. ರಿಟಾರ್ಡರ್ ಹೊಡೆದೆ, ಕಣ್ಣೆದುರೇ ಬಿಳುಪು ಕರಗಿ ಮರದ ಬಣ್ಣ ಮೇಲೆ ಬಂತು. ಮಂಟಪ ಈಗ ಪಕ್ಕದ ಮನೆಯಲ್ಲಿದೆ. ಹಿಂದುಗಡೆ ಒಂದು ಹಳೇ ಗುಳಿ ಹಾಗೇ ಬಿಟ್ಟಿದ್ದೇನೆ, ಗೋಡೆ ಕಡೆಗಿದೆ, ಅವರಿಗೆ ಇನ್ನೂ ಗೊತ್ತಿಲ್ಲ.